ಜೀವಕೋಶದಲ್ಲಿ ರಾಸಾಯನಿಕ ಶಕ್ತಿ: ಸಂಗ್ರಹ ಮತ್ತು ಬಿಡುಗಡೆ

ಆಹಾರದಿಂದಲೋ ಬಿಸಿಲಿನಿಂದಲೋ ದೊರೆತ ಶಕ್ತಿಯನ್ನು ಜೀವಕೋಶ ಅಣುಗಳ ರೂಪದಲ್ಲಿ ಕೂಡಿಟ್ಟು, ಬೇಕಾದಾಗ ಬೇಕಾದಷ್ಟೇ ಬಿಡಿಸಿಕೊಳ್ಳುತ್ತದೆ. ಸ್ನಾಯುವಿನ ಸಂಕೋಚನ, ನರದ ಸಂಕೇತ, ಪ್ರೋಟೀನುಗಳ ರಚನೆ, ಬೀಜದ ಮೊಳಕೆ, ಮಿಂಚುಹುಳದ ಬೆಳಕು ಎಲ್ಲವೂ ನಡೆಯುವುದು ಈ ಶಕ್ತಿಯಿಂದಲೇ. ಬ್ಯಾಕ್ಟೀರಿಯದಿಂದ ಆನೆಯವರೆಗೆ ಈ ವ್ಯವಸ್ಥೆಯ ತಿರುಳು ಒಂದೇ. ಅಡೆನೋಸಿನ್ ಟ್ರೈಫಾಸ್ಫೇಟ್, ಅಂದರೆ ಎಟಿಪಿ ಎಂಬ ಸಣ್ಣ ಅಣು ಅದರ ಒಂದು ಅಂಗ. ತೆಳುವಾದ ಪೊರೆಯ ಎರಡು ಬದಿಗಳ ನಡುವೆ ಕಾಯ್ದುಕೊಂಡ ಪ್ರೋಟಾನುಗಳ, ಅಂದರೆ ಜಲಜನಕ ಅಯಾನುಗಳ, ಏರುಪೇರು ಇನ್ನೊಂದು.

ಶಾಖದಿಂದ ಕೆಲಸ ಮಾಡಿಸಬೇಕಾದರೆ ಬಿಸಿಯಾದ ಭಾಗವೊಂದು, ತಣ್ಣಗಿನ ಭಾಗವೊಂದು ಬೇಕು. ಕೋಶದೊಳಗೆ ಅಂಥ ಅಂತರವಿಲ್ಲ. ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಉಷ್ಣಾಂಶ. ಹೀಗಾಗಿ ಸಕ್ಕರೆಯನ್ನು ಒಮ್ಮೆಲೇ ಸುಟ್ಟು ಬರುವ ಶಾಖ ಕೋಶದ ಕೆಲಸಕ್ಕೆ ಒದಗದು. ಒಂದು ಮೋಲ್, ಅಂದರೆ 180 ಗ್ರಾಂ ಗ್ಲೂಕೋಸ್ ಆಮ್ಲಜನಕದೊಂದಿಗೆ ಸೇರಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾದಾಗ ಸುಮಾರು 2870 ಕಿಲೋಜೂಲ್ ಮುಕ್ತಶಕ್ತಿ ದೊರೆಯುತ್ತದೆ. ಈ ಮೊತ್ತ ಒಲೆಯಲ್ಲೂ ಅಷ್ಟೇ, ಕೋಶದಲ್ಲೂ ಅಷ್ಟೇ. ಕೋಶದ ಹೆಚ್ಚುಗಾರಿಕೆ ಇರುವುದು ಈ ಇಳಿತವನ್ನು ಹತ್ತಾರು ಸಣ್ಣ ಹೆಜ್ಜೆಗಳಾಗಿ ಬಿಡಿಸಿ, ಒಂದೊಂದು ಹೆಜ್ಜೆಯನ್ನೂ ಒಂದೊಂದು ಕಿಣ್ವದ ಕೈಗೆ ಒಪ್ಪಿಸಿರುವುದರಲ್ಲಿ. ಇಳಿಯುವ ಕ್ರಿಯೆಯ ಜೊತೆಗೆ ಏರಬೇಕಾದ ಕ್ರಿಯೆಯೊಂದನ್ನು ಕಿಣ್ವ ಹೊಂದಿಸುತ್ತದೆ. ಈ ಜೋಡಣೆ ತಪ್ಪಿದರೆ ಶಕ್ತಿಯೆಲ್ಲ ಬರಿಯ ಶಾಖವಾಗಿ ಹೋಗುತ್ತದೆ.

ಎಟಿಪಿ ಎಂಬ ಅಣು

ಎಟಿಪಿಯಲ್ಲಿ ಮೂರು ಭಾಗಗಳಿವೆ: ಅಡೆನಿನ್ ಎಂಬ ಪ್ರತ್ಯಾಮ್ಲ, ರೈಬೋಸ್ ಎಂಬ ಸಕ್ಕರೆ, ಸಾಲಾಗಿ ಅಂಟಿಕೊಂಡ ಮೂರು ಫಾಸ್ಫೇಟ್ ಗುಂಪುಗಳು. ನೀರಿನ ಅಣುವೊಂದು ಸೇರಿ ಕೊನೆಯ ಫಾಸ್ಫೇಟ್ ಕಳಚಿದರೆ ಉಳಿಯುವುದು ಎಡಿಪಿ. ಪ್ರಮಾಣಿತ ಸ್ಥಿತಿಯಲ್ಲಿ ಈ ಕ್ರಿಯೆಯಿಂದ ಮೋಲ್‌ಗೆ ಸುಮಾರು 30 ಕಿಲೋಜೂಲ್ ಸಿಗುತ್ತದೆ; ಕೋಶದೊಳಗಿನ ಪರಿಸ್ಥಿತಿಯಲ್ಲಿ ಅದು 50ರ ಆಸುಪಾಸು.

ಒಂದೇ ಅಣು, ಒಂದೇ ಕ್ರಿಯೆ. ಆದರೂ ಈ ಎರಡು ಅಂಕಿಗಳ ನಡುವೆ ಇಷ್ಟು ಅಂತರವೇಕೆ? ಇದಕ್ಕೆ ಉತ್ತರ ತಿಳಿದವರಿಗೆ ಇಡೀ ವಿಷಯದ ಕೀಲಿಕೈ ಸಿಕ್ಕಂತೆ. ಫಾಸ್ಫೇಟ್ ಬಂಧದೊಳಗೆ ಶಕ್ತಿ ಅಡಗಿದೆ, ಬಂಧ ಮುರಿದಾಗ ಅದು ಹೊರಚಿಮ್ಮುತ್ತದೆ ಎಂದು ಶಾಲೆಯ ಪುಸ್ತಕಗಳಲ್ಲಿ ಓದಿರುತ್ತೇವೆ. ಅದು ಸರಿಯಲ್ಲ. ಯಾವ ಬಂಧವನ್ನು ಮುರಿಯುವುದಕ್ಕೂ ಶಕ್ತಿಯನ್ನು ಹಾಕಲೇಬೇಕು. ಎಟಿಪಿಯ ಫಾಸ್ಫೇಟುಗಳ ಋಣ ಆವೇಶಗಳು ಒಂದನ್ನೊಂದು ದೂಡುತ್ತಿರುತ್ತವೆ. ಬಿಡಿಯಾದ ಫಾಸ್ಫೇಟೂ ಎಡಿಪಿಯೂ ನೀರಿನಲ್ಲಿ ಇನ್ನಷ್ಟು ನೆಮ್ಮದಿಯಾಗಿ ನೆಲೆಗೊಳ್ಳುತ್ತವೆ. ಕ್ರಿಯೆ ಆ ಕಡೆಗೆ ವಾಲಲು ಇದು ಕಾರಣ. ಆದರೆ ವಾಲುವಿಕೆಗಿಂತ ದೊಡ್ಡ ಕಾರಣ ಕೋಶ ಈ ಅಣುಗಳ ಪ್ರಮಾಣವನ್ನು ಕಾಯ್ದುಕೊಂಡಿರುವ ರೀತಿ. ಕ್ರಿಯೆಯನ್ನು ಅದರ ಪಾಡಿಗೆ ಬಿಟ್ಟರೆ ಬಹುಪಾಲು ಎಟಿಪಿ ಎಡಿಪಿಯಾಗಿ ಸಮತೋಲಕ್ಕೆ ಬಂದು ನಿಲ್ಲುತ್ತದೆ. ಜೀವಂತ ಕೋಶದಲ್ಲಿ ಇದು ತಿರುಗುಮುರುಗು: ಎಡಿಪಿಗಿಂತ ಎಟಿಪಿ ಹಲವು ಪಟ್ಟು ಹೆಚ್ಚು. ಸಮತೋಲದಲ್ಲಿ ಇರಬೇಕಾದ ಅನುಪಾತಕ್ಕೂ ಕೋಶದಲ್ಲಿರುವ ಅನುಪಾತಕ್ಕೂ ಕೋಟ್ಯಂತರ ಪಟ್ಟಿನ ಅಂತರ. ಲಿಂಗನಮಕ್ಕಿ ಜಲಾಶಯದಲ್ಲಿ ನಿಂತ ನೀರಿಗೂ ವಿದ್ಯುದಾಗಾರದಿಂದ ಕೆಳಗೆ ಹರಿದುಹೋದ ನೀರಿಗೂ ಗುಣದಲ್ಲಿ ಭೇದವಿಲ್ಲ. ವಿದ್ಯುತ್ ಬರುವುದು ಮಟ್ಟದ ಅಂತರದಿಂದ. ಎಟಿಪಿಯ ಬಲವೂ ಅಂತರದ ಬಲವೇ. ಆ ಅನುಪಾತ ಸಮತೋಲಕ್ಕೆ ಬಂದ ಕೋಶದಲ್ಲಿ ಎಟಿಪಿ ಇದ್ದರೂ ಅದರಿಂದ ಒಂದು ಕೆಲಸವೂ ಆಗದು. ಅಂಥ ಕೋಶ ಸತ್ತಿರುತ್ತದೆ.

ಇಷ್ಟು ಇಳಿಜಾರಿದ್ದರೂ ಕಿಣ್ವದ ನೆರವಿಲ್ಲದೆ ಎಟಿಪಿ ನೀರಿನಲ್ಲಿ ತಾನಾಗಿ ಬೇಗ ಒಡೆಯುವುದಿಲ್ಲ. ಈ ತಾಳ್ಮೆ ಇರುವುದರಿಂದಲೇ ಅದು ಉಪಯೋಗಕ್ಕೆ ಬರುತ್ತದೆ. ಎಲ್ಲಿ ಒಡೆಯಬೇಕು, ಯಾವಾಗ ಒಡೆಯಬೇಕು ಎಂಬುದು ಕಿಣ್ವದ ಹಿಡಿತದಲ್ಲಿದೆ.

ಎಟಿಪಿ ದಾಸ್ತಾನಲ್ಲ ಎನ್ನುವುದನ್ನೂ ಒತ್ತಿ ಹೇಳಬೇಕು. ವಯಸ್ಕರ ದೇಹದಲ್ಲಿ ಯಾವ ಗಳಿಗೆಯಲ್ಲಿ ನೋಡಿದರೂ ಅದು ಕೆಲವು ಹತ್ತು ಗ್ರಾಂಗಳಿಂದ ನೂರರ ಆಸುಪಾಸಿನಷ್ಟು ಮಾತ್ರ. ದಿನವೊಂದರಲ್ಲಿ ಒಡೆದು ಮತ್ತೆ ಕೂಡಿಕೊಳ್ಳುವ ಎಟಿಪಿಯ ಮೊತ್ತವಾದರೋ ಹೆಚ್ಚುಕಡಿಮೆ ದೇಹದ ತೂಕಕ್ಕೇ ಸಮ. ಒಂದೊಂದು ಅಣುವೂ ದಿನಕ್ಕೆ ನೂರಾರು ಸಲ ಈ ಸುತ್ತು ಹಾಕುತ್ತದೆ.

ಸಂಶೋಧನೆಯ ಹಾದಿ

1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಮರಳಿನೊಂದಿಗೆ ಅರೆದು ಹಿಂಡಿದ ರಸವೂ ಸಕ್ಕರೆಯನ್ನು ಹುದುಗಿಸುತ್ತದೆ ಎಂದು ತೋರಿಸಿದರು. ಹುದುಗಿಗೆ ಜೀವಂತ ಕೋಶವೇ ಬೇಕು ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು. ಕೆಲವೇ ವರ್ಷಗಳಲ್ಲಿ ಲಂಡನ್ನಿನ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್ ಆ ರಸಕ್ಕೆ ಫಾಸ್ಫೇಟ್ ಬೆರೆಸಿದರೆ ಹುದುಗು ಚುರುಕಾಗುವುದನ್ನು ಕಂಡರು. ಫಾಸ್ಫೇಟಿನಲ್ಲಿರುವ ರಂಜಕಕ್ಕೂ ಜೀವದ ಶಕ್ತಿಗೂ ನಂಟಿದೆ ಎಂಬುದರ ಮೊದಲ ಸುಳಿವು ಅದು.

ಎಟಿಪಿ ಪತ್ತೆಯಾದದ್ದು 1929ರಲ್ಲಿ, ಎರಡು ಕಡೆ. ಬರ್ಲಿನ್ನಿನಲ್ಲಿ ಒಟ್ಟೊ ಮೇಯರ್‌ಹಾಫ್ ಅವರ ಪ್ರಯೋಗಾಲಯದ ಕಾರ್ಲ್ ಲೋಮನ್ ಒಬ್ಬರು. ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಸೈರಸ್ ಫಿಸ್ಕ್ ಮತ್ತು ಯಲ್ಲಾಪ್ರಗಡ ಸುಬ್ಬಾರಾವ್ ಇನ್ನೊಂದು ಕಡೆ. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿ ಮದರಾಸಿನಲ್ಲಿ ವೈದ್ಯಕೀಯ ಓದಿದ ಸುಬ್ಬಾರಾವ್ ಈ ಕಥೆಯಲ್ಲಿ ದೊಡ್ಡ ಪಾಲುದಾರರು. ಅತಿ ಅಲ್ಪ ಪ್ರಮಾಣದ ರಂಜಕವನ್ನೂ ಬಣ್ಣದ ಗಾಢತೆಯಿಂದ ಅಳೆಯುವ ವಿಧಾನವನ್ನು ಅವರೂ ಫಿಸ್ಕ್ ಅವರೂ 1925ರಲ್ಲಿ ಪ್ರಕಟಿಸಿದರು. ಫಿಸ್ಕ್–ಸುಬ್ಬಾರಾವ್ ವಿಧಾನವೆಂದೇ ಅದು ಪ್ರಸಿದ್ಧ. ಜೀವರಸಾಯನ ಓದಿದ ನಮ್ಮ ಎಷ್ಟೋ ವಿದ್ಯಾರ್ಥಿಗಳು ಅದನ್ನು ಕೈಯಾರೆ ಮಾಡಿದ್ದಾರೆ. ಅದೇ ವಿಧಾನದ ಬಲದಿಂದ 1927ರಲ್ಲಿ ಸ್ನಾಯುವಿನಲ್ಲಿ ಫಾಸ್ಫೊಕ್ರಿಯಾಟಿನ್ ಎಂಬ ಫಾಸ್ಫೇಟ್ ಹೊತ್ತ ಅಣು, ಎರಡು ವರ್ಷಗಳ ಮೇಲೆ ಎಟಿಪಿ ದೊರೆತವು. ಎಟಿಪಿಯ ಹೆಸರೆತ್ತಿದಾಗಲೆಲ್ಲ ಸುಬ್ಬಾರಾವ್ ಅವರ ಹೆಸರೂ ಬರಬೇಕಾದದ್ದು ನ್ಯಾಯ. ಅನೇಕ ಪಠ್ಯಗಳಲ್ಲಿ ಅದು ಬರುವುದಿಲ್ಲ.

ಸ್ನಾಯುವಿನ ಸಂಕೋಚನಕ್ಕೆ ಲ್ಯಾಕ್ಟಿಕ್ ಆಮ್ಲವೇ ಕಾರಣ ಎಂದು ಆಗ ನಂಬಲಾಗಿತ್ತು. 1930ರಲ್ಲಿ ಡೆನ್ಮಾರ್ಕಿನ ಐನಾರ್ ಲುಂಡ್ಸ್‌ಗಾರ್ಡ್, ಲ್ಯಾಕ್ಟಿಕ್ ಆಮ್ಲ ಹುಟ್ಟದಂತೆ ವಿಷ ಹಾಕಿದ ಸ್ನಾಯುವೂ ಕೆಲಕಾಲ ಸಂಕೋಚಿಸುತ್ತದೆ, ಆಗ ಕರಗುವುದು ಫಾಸ್ಫೊಕ್ರಿಯಾಟಿನ್ ಎಂದು ತೋರಿಸಿ ಆ ನಂಬಿಕೆಯನ್ನು ಉರುಳಿಸಿದರು. 1941ರಲ್ಲಿ ಫ್ರಿಟ್ಜ್ ಲಿಪ್‌ಮನ್ ಚದುರಿದ್ದ ಸಂಗತಿಗಳನ್ನೆಲ್ಲ ಒಟ್ಟುಗೂಡಿಸಿ, ಶಕ್ತಿ ಕೊಡುವ ಕ್ರಿಯೆಗಳಿಗೂ ಶಕ್ತಿ ಬೇಡುವ ಕ್ರಿಯೆಗಳಿಗೂ ನಡುವೆ ನಿಂತ ಸಾಮಾನ್ಯ ಮಧ್ಯವರ್ತಿ ಎಟಿಪಿ ಎಂದು ಪ್ರತಿಪಾದಿಸಿದರು.

ಗ್ಲೈಕಾಲಿಸಿಸ್ ಮತ್ತು ಹುದುಗು

ಸಕ್ಕರೆಯನ್ನು ಬಿಡಿಸುವ ಹಳೆಯ ದಾರಿ ಗ್ಲೈಕಾಲಿಸಿಸ್. ಕೋಶದ್ರವದಲ್ಲಿ ಹತ್ತು ಹೆಜ್ಜೆಗಳಲ್ಲಿ ಒಂದು ಗ್ಲೂಕೋಸ್ ಎರಡು ಪೈರುವೇಟ್ ಅಣುಗಳಾಗುತ್ತದೆ. ಮೊದಲು ಎರಡು ಎಟಿಪಿ ಖರ್ಚು, ಆಮೇಲೆ ನಾಲ್ಕು ಎಟಿಪಿ ಆದಾಯ, ಉಳಿಯುವುದು ಎರಡು. ಇದಕ್ಕೆ ಆಮ್ಲಜನಕ ಬೇಡ. ಆದರೆ ಸಕ್ಕರೆಯಿಂದ ಕಿತ್ತ ಎಲೆಕ್ಟ್ರಾನುಗಳನ್ನು ಹೊತ್ತ ಎನ್‌ಎಡಿಎಚ್ ಎಂಬ ವಾಹಕ ಅಣು ಅವನ್ನು ಎಲ್ಲಾದರೂ ಇಳಿಸಲೇಬೇಕು, ಇಲ್ಲವಾದರೆ ದಾರಿ ಕಟ್ಟಿಹೋಗುತ್ತದೆ. ಆಮ್ಲಜನಕ ಸಿಗದ ಕಡೆ ಯೀಸ್ಟ್ ಅವನ್ನು ಇಳಿಸಿ ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರಹಾಕುತ್ತದೆ. ಓಡುವ ಸ್ನಾಯು ಲ್ಯಾಕ್ಟೇಟ್ ಮಾಡುತ್ತದೆ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ಹುಳಿಯಾಗುವುದು ಲ್ಯೂಕೊನಾಸ್ಟಾಕ್ ಮೊದಲಾದ ಬ್ಯಾಕ್ಟೀರಿಯಗಳು ಹೀಗೆ ಎಲೆಕ್ಟ್ರಾನುಗಳನ್ನು ಇಳಿಸುವುದರಿಂದ. ಹುಳಿಯೂ ಗಾಳಿಗುಳ್ಳೆಯೂ ನಮಗೆ ರುಚಿ. ಆ ಜೀವಿಗಳಿಗೆ ಅವು ಎಟಿಪಿ ಗಳಿಸಿದ ಮೇಲೆ ಉಳಿದ ಕಸ.

ಗಾಳಿ ಸಿಕ್ಕರೆ ಯೀಸ್ಟ್ ಬಹಳ ಕಡಿಮೆ ಸಕ್ಕರೆಯಲ್ಲಿ ಬದುಕುತ್ತದೆ ಎಂಬುದನ್ನು ಲೂಯಿ ಪಾಶ್ಚರ್ 1861ರಷ್ಟು ಹಿಂದೆಯೇ ಗಮನಿಸಿದ್ದರು. ಕಾರಣ ಮುಂದಿನ ಹಂತದಲ್ಲಿದೆ.

ಉಸಿರಾಟದ ಸರಣಿ

ಆಮ್ಲಜನಕ ಇದ್ದಾಗ ಪೈರುವೇಟ್ ಕೋಶದೊಳಗಿನ ಮೈಟೊಕಾಂಡ್ರಿಯ ಎಂಬ ಅಂಗಕದೊಳಗೆ ಹೋಗಿ ಅಸಿಟೈಲ್ ಕೋಎನ್‌ಜೈಮ್–ಎ ಆಗುತ್ತದೆ. ಕೊಬ್ಬಿನ ಆಮ್ಲಗಳೂ ಬಂದು ಸೇರುವುದು ಇಲ್ಲಿಗೇ. ಅಲ್ಲಿಂದ ಮುಂದಿನದು ಸಿಟ್ರಿಕ್ ಆಮ್ಲ ಚಕ್ರ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹಾನ್ಸ್ ಕ್ರೆಬ್ಸ್ ಪಾರಿವಾಳದ ಎದೆಯ ಸ್ನಾಯುವಿನ ಮೇಲೆ ಪ್ರಯೋಗ ಮಾಡಿ 1937ರಲ್ಲಿ ನಿರೂಪಿಸಿದ್ದು. ಚಕ್ರದಿಂದ ನೇರವಾಗಿ ಸಿಗುವ ಎಟಿಪಿ ತೀರಾ ಕಡಿಮೆ. ಅದರ ನಿಜವಾದ ಫಲ, ಇಂಗಾಲದಿಂದ ಬಿಡಿಸಿ ವಾಹಕಗಳಿಗೆ ಹೊರಿಸಿದ ಎಲೆಕ್ಟ್ರಾನುಗಳು.

ಮೈಟೊಕಾಂಡ್ರಿಯದ ಒಳಪೊರೆಯಲ್ಲಿ ಕಬ್ಬಿಣ, ತಾಮ್ರ, ಗಂಧಕಗಳನ್ನು ಒಳಗೊಂಡ ಪ್ರೋಟೀನುಗಳ ಸಾಲೊಂದಿದೆ; ಉಸಿರಾಟದ ಸರಣಿ ಎಂದರೆ ಇದೇ. ಎಲೆಕ್ಟ್ರಾನುಗಳು ಒಂದರಿಂದ ಒಂದಕ್ಕೆ ಇಳಿಯುತ್ತ ಕೊನೆಗೆ ಆಮ್ಲಜನಕವನ್ನು ಸೇರಿ ನೀರಾಗುತ್ತವೆ. ನಾವು ಒಳಗೆಳೆದುಕೊಳ್ಳುವ ಆಮ್ಲಜನಕದ ಬಹುಪಾಲು ಇಲ್ಲಿಗೇ ಸಲ್ಲುತ್ತದೆ. ಈ ಸಾಲಿನ ನಡುವೆ ಎಲೆಕ್ಟ್ರಾನುಗಳನ್ನು ಸಾಗಿಸುವ ಯುಬಿಕ್ವಿನೋನ್ ಎಂಬ ಅಣುವಿನ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ. ರಾಮಶರ್ಮ ಗಣನೀಯ ಕೆಲಸ ಮಾಡಿದ್ದಾರೆ. ಒಂದು ಗ್ಲೂಕೋಸ್ ಈ ಎಲ್ಲ ದಾರಿಯನ್ನು ಹಾದರೆ ಈಗಿನ ಲೆಕ್ಕದಲ್ಲಿ 30ರಿಂದ 32 ಎಟಿಪಿ. ಹಳೆಯ ಪುಸ್ತಕಗಳಲ್ಲಿ ಕಾಣುವ 36 ಅಥವಾ 38 ಎಂಬ ಅಂಕಿ ಪೊರೆಯಲ್ಲಾಗುವ ಸಾಗಣೆಯ ಖರ್ಚನ್ನು ಪೂರ್ತಿ ಕಳೆಯದೆ ಬಂದದ್ದು.

ಮಿಚೆಲ್ ಅವರ ಪ್ರೋಟಾನು ಸಿದ್ಧಾಂತ

ಎಲೆಕ್ಟ್ರಾನುಗಳು ಇಳಿಯುವುದಕ್ಕೂ ಎಟಿಪಿ ಹುಟ್ಟುವುದಕ್ಕೂ ಏನು ಸಂಬಂಧ? ಇಪ್ಪತ್ತನೆಯ ಶತಮಾನದ ನಡುವೆ ಜೀವರಸಾಯನ ವಿಜ್ಞಾನಿಗಳನ್ನು ಕಾಡಿದ ಪ್ರಶ್ನೆ ಇದು. ಇವೆರಡನ್ನು ಬೆಸೆಯುವ ಯಾವುದೋ ಮಧ್ಯಂತರ ಅಣು ಇರಲೇಬೇಕೆಂದು ಹಲವು ಪ್ರಯೋಗಾಲಯಗಳು ವರ್ಷಗಟ್ಟಲೆ ಹುಡುಕಿದವು. ಅದು ಸಿಗಲಿಲ್ಲ. ಅಂಥ ಅಣುವೇ ಇಲ್ಲ ಎಂದು 1961ರಲ್ಲಿ ಹೇಳಿದವರು ಬ್ರಿಟನ್ನಿನ ಪೀಟರ್ ಮಿಚೆಲ್. ಅವರ ವಾದದಂತೆ ಎಲೆಕ್ಟ್ರಾನುಗಳ ಇಳಿತದ ಶಕ್ತಿಯಿಂದ ಪ್ರೋಟಾನುಗಳು ಪೊರೆಯ ಒಳಗಿನಿಂದ ಹೊರಕ್ಕೆ ತಳ್ಳಲ್ಪಡುತ್ತವೆ. ಪೊರೆಯ ಎರಡು ಬದಿಗಳ ನಡುವೆ ಆಮ್ಲೀಯತೆಯಲ್ಲೂ ವಿದ್ಯುತ್ ವಿಭವದಲ್ಲೂ ಅಂತರ ಹುಟ್ಟುತ್ತದೆ. ಆ ಪ್ರೋಟಾನುಗಳು ಮರಳಿ ಒಳಬರಲು ಇರುವ ಮುಖ್ಯ ದಾರಿ ಎಟಿಪಿ ಸಿಂಥೇಸ್ ಎಂಬ ಕಿಣ್ವ. ಅದರ ಮೂಲಕ ಹಾದು ಬರುವಾಗ ಎಟಿಪಿ ರೂಪುಗೊಳ್ಳುತ್ತದೆ.

ರಸಾಯನ ಕ್ರಿಯೆಗೆ ದಿಕ್ಕು ಎಂಬುದಿದೆ, ಪೊರೆಯಿಲ್ಲದೆ ಈ ಕ್ರಿಯೆಯೇ ಇಲ್ಲ ಎಂಬ ಈ ಮಾತು ಆ ಕಾಲದ ಹಲವರಿಗೆ ಒಗ್ಗಲಿಲ್ಲ. ಮಿಚೆಲ್ ವಿಶ್ವವಿದ್ಯಾಲಯವನ್ನು ಬಿಟ್ಟು ಕಾರ್ನ್‌ವಾಲ್‌ನ ಬಾಡ್ಮಿನ್ ಬಳಿಯ ಗ್ಲಿನ್ ಹೌಸ್ ಎಂಬ ಹಳೆಯ ಮನೆಯನ್ನು ಸರಿಪಡಿಸಿ, ಜೆನಿಫರ್ ಮೊಯ್ಲ್ ಅವರ ಜೊತೆಗೆ ಅಲ್ಲಿಯೇ ಸಣ್ಣ ಪ್ರಯೋಗಾಲಯ ಕಟ್ಟಿದರು. ಸಾಕ್ಷ್ಯಗಳು ಬೇರೆ ಕಡೆಗಳಿಂದಲೂ ಬಂದವು. 1966ರಲ್ಲಿ ಆಂಡ್ರೆ ಜಾಗೆಂಡಾರ್ಫ್ ಮತ್ತು ಅರ್ನೆಸ್ಟ್ ಉರೀಬೆ ಪಾಲಕ್ ಎಲೆಯ ಪತ್ರಹರಿತ್ತಿನ ಪೊರೆಗಳನ್ನು ಕತ್ತಲಲ್ಲಿ ಆಮ್ಲದ ದ್ರಾವಣದಲ್ಲಿ ನೆನೆಸಿ, ಒಮ್ಮೆಲೇ ಕ್ಷಾರದ ಕಡೆಗಿನ ದ್ರಾವಣಕ್ಕೆ ಬದಲಿಸಿದರು. ಬೆಳಕಿಲ್ಲ, ಎಲೆಕ್ಟ್ರಾನುಗಳ ಹರಿವಿಲ್ಲ. ಆದರೂ ಎಟಿಪಿ ಹುಟ್ಟಿತು. 1974ರ ಎಫ್ರೈಮ್ ರಾಕರ್ ಮತ್ತು ವಾಲ್ಟರ್ ಸ್ಟೊಕೆನಿಯಸ್ ಅವರ ಪ್ರಯೋಗ ಇನ್ನೂ ಸೊಗಸಿನದು. ಉಪ್ಪುನೀರಿನ ಸೂಕ್ಷ್ಮಜೀವಿಯೊಂದರ ಬೆಳಕಿನಿಂದ ನಡೆಯುವ ಪ್ರೋಟಾನು ಪಂಪನ್ನೂ ದನದ ಹೃದಯದಿಂದ ತೆಗೆದ ಎಟಿಪಿ ಸಿಂಥೇಸನ್ನೂ ಒಂದೇ ಕೃತಕ ಕೊಬ್ಬಿನ ಗುಳ್ಳೆಯಲ್ಲಿ ಕೂಡಿಸಿ ಅವರು ಬೆಳಕು ಬಿಟ್ಟರು. ಎಟಿಪಿ ತಯಾರಾಯಿತು. ಸಂಬಂಧವೇ ಇಲ್ಲದ ಎರಡು ಜೀವಿಗಳ ಯಂತ್ರಗಳ ನಡುವೆ ಇದ್ದ ಏಕೈಕ ಕೊಂಡಿ ಪ್ರೋಟಾನು. ಮಿಚೆಲ್ ಅವರಿಗೆ 1978ರ ರಸಾಯನ ವಿಜ್ಞಾನದ ನೊಬೆಲ್ ಸಂದಿತು.

ಪೊರೆಯ ಮೇಲಿನ ವಿಭವಾಂತರ ಕೇಳುವುದಕ್ಕೆ ಚಿಕ್ಕದು, ಸುಮಾರು 150ರಿಂದ 180 ಮಿಲಿವೋಲ್ಟ್. ಪೊರೆಯ ದಪ್ಪ ಐದಾರು ನ್ಯಾನೊಮೀಟರ್ ಮಾತ್ರ ಎಂಬುದನ್ನು ಸೇರಿಸಿ ಲೆಕ್ಕ ಹಾಕಿದರೆ ಮೀಟರಿಗೆ ಸುಮಾರು ಮೂರು ಕೋಟಿ ವೋಲ್ಟ್ ತೀವ್ರತೆಯ ಕ್ಷೇತ್ರ. ಮೈಟೊಕಾಂಡ್ರಿಯವಿರುವ ನಮ್ಮ ಮೈಯ ಕೋಶಕೋಶದಲ್ಲೂ ಇಷ್ಟು ಬಲದ ವಿದ್ಯುತ್ ಕ್ಷೇತ್ರ ಸದಾ ನಿಂತಿದೆ.

ತಿರುಗುವ ಕಿಣ್ವ

ಎಟಿಪಿ ಸಿಂಥೇಸ್ ಪ್ರಕೃತಿಯ ಅತಿ ಚಿಕ್ಕ ತಿರುಗುಯಂತ್ರಗಳಲ್ಲಿ ಒಂದು. ಪೊರೆಯಲ್ಲಿ ಹುದುಗಿದ ಉಂಗುರವನ್ನು ಪ್ರೋಟಾನುಗಳು ತಿರುಗಿಸುತ್ತವೆ. ಉಂಗುರಕ್ಕೆ ಅಂಟಿದ ನಡುಗಂಬ ಮೇಲಿನ ತಲೆಯೊಳಗೆ ತಿರುಗುತ್ತದೆ. ತಲೆಯ ಮೂರು ಸ್ಥಾನಗಳಲ್ಲಿ ಎಟಿಪಿ ರೂಪುಗೊಳ್ಳುತ್ತದೆ. ಒಂದು ಸುತ್ತಿಗೆ ಮೂರು ಎಟಿಪಿ. ದನದ ಮೈಟೊಕಾಂಡ್ರಿಯದಲ್ಲಿ ಉಂಗುರಕ್ಕೆ 8 ತುಣುಕುಗಳು, ಆದ್ದರಿಂದ ಸುತ್ತಿಗೆ 8 ಪ್ರೋಟಾನು. ಪಾಲಕ್ ಎಲೆಯಲ್ಲಿ 14.

ಪಾಲ್ ಬಾಯರ್ ಕಂಡುಕೊಂಡ ಸಂಗತಿ ಇಲ್ಲಿ ಬಹುಮುಖ್ಯ. ಕಿಣ್ವದ ಹಿಡಿತದೊಳಗೆ ಎಡಿಪಿಯೂ ಫಾಸ್ಫೇಟೂ ಸೇರಿ ಎಟಿಪಿಯಾಗುವುದಕ್ಕೆ ಹೆಚ್ಚೇನೂ ಶಕ್ತಿ ಬೇಡ. ಆ ಎರಡು ಸ್ಥಿತಿಗಳು ಅಲ್ಲಿ ಹೆಚ್ಚುಕಡಿಮೆ ಸಮಸಮ. ಶಕ್ತಿ ಬೇಕಾಗುವುದು ತಯಾರಾದ ಎಟಿಪಿಯನ್ನು ಕಿಣ್ವದ ಬಿಗಿಹಿಡಿತದಿಂದ ಬಿಡಿಸಿ, ಈಗಾಗಲೇ ಎಟಿಪಿ ತುಂಬಿರುವ ದ್ರವಕ್ಕೆ ತಳ್ಳಲು. ಶಕ್ತಿ ಬಂಧದಲ್ಲಿಲ್ಲ, ಅಂತರದಲ್ಲಿದೆ ಎಂಬ ಮಾತಿಗೆ ಇದಕ್ಕಿಂತ ನೇರ ಪುರಾವೆ ಬೇಕಿಲ್ಲ. ಜಾನ್ ವಾಕರ್ ಅವರ ತಂಡ 1994ರಲ್ಲಿ ಕಿಣ್ವದ ತಲೆಯ ರಚನೆಯನ್ನು ಎಕ್ಸ್‌ರೇ ವಿಧಾನದಿಂದ ಬಿಡಿಸಿತು. ಮೂರು ಸ್ಥಾನಗಳು ಮೂರು ಬೇರೆ ಬೇರೆ ಸ್ಥಿತಿಗಳಲ್ಲಿ ಕಂಡವು. 1997ರಲ್ಲಿ ಜಪಾನಿನ ಹಿರೋಯುಕಿ ನೋಜಿ ಮತ್ತು ಸಂಗಡಿಗರು ಕಿಣ್ವದ ತಲೆಯನ್ನು ಗಾಜಿಗೆ ಅಂಟಿಸಿ, ಕಂಬಕ್ಕೆ ಆಕ್ಟಿನ್ ಎಂಬ ಪ್ರೋಟೀನಿನ ಹೊಳೆಯುವ ಎಳೆಯೊಂದನ್ನು ಕಟ್ಟಿ, ಎಟಿಪಿ ಹಾಕಿದಾಗ ಅದು ತಿರುಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ತೋರಿಸಿದರು. ಅದೇ ವರ್ಷ ಬಾಯರ್ ಮತ್ತು ವಾಕರ್ ನೊಬೆಲ್ ಪಡೆದರು. ಎಟಿಪಿಯನ್ನು ವ್ಯಯಿಸಿ ಸೋಡಿಯಂ, ಪೊಟ್ಯಾಸಿಯಂಗಳನ್ನು ಸಾಗಿಸುವ ಪಂಪನ್ನು ಗುರುತಿಸಿದ ಡೆನ್ಮಾರ್ಕಿನ ಯೆನ್ಸ್ ಸ್ಕೌ ಅವರೊಂದಿಗೆ.

ಹಸಿರೆಲೆಯಲ್ಲೂ ಇದೇ ಯಂತ್ರ. ಬೆಳಕು ನೀರನ್ನು ಒಡೆದು ಎಲೆಕ್ಟ್ರಾನುಗಳನ್ನು ಮೇಲೆತ್ತುತ್ತದೆ, ಅವು ಇಳಿಯುವಾಗ ಪ್ರೋಟಾನುಗಳು ಕೂಡಿಕೊಳ್ಳುತ್ತವೆ, ಎಟಿಪಿ ಹುಟ್ಟುತ್ತದೆ. ಪ್ರತ್ಯೇಕಿಸಿದ ಹರಿತ್ತಿನ ಕಣಗಳು ಬೆಳಕಿನಿಂದ ಎಟಿಪಿ ಮಾಡುವುದನ್ನು ಡೇನಿಯಲ್ ಆರ್ನನ್ 1954ರಲ್ಲಿ ತೋರಿಸಿದ್ದರು. ಆಮ್ಲಜನಕದ ಬದಲು ನೈಟ್ರೇಟ್, ಸಲ್ಫೇಟ್‌ಗಳಿಗೆ ಎಲೆಕ್ಟ್ರಾನು ಒಪ್ಪಿಸುವ ಬ್ಯಾಕ್ಟೀರಿಯಗಳೂ, ಕಬ್ಬಿಣವನ್ನೋ ಜಲಜನಕವನ್ನೋ ಉಂಡು ಬದುಕುವಂಥವೂ ಇವೆ. ಉಣಿಸು ಬೇರೆ; ಪೊರೆ ಮತ್ತು ಪ್ರೋಟಾನಿನ ಏರ್ಪಾಡು ಅದೇ.

ದಾಸ್ತಾನು: ಪಿಷ್ಟ, ಗ್ಲೈಕೊಜನ್, ಕೊಬ್ಬು

ದಿನಗಟ್ಟಲೆ, ತಿಂಗಳುಗಟ್ಟಲೆ ಶಕ್ತಿಯನ್ನು ಕಾದಿಡುವ ಕೆಲಸ ಬೇರೆ ಅಣುಗಳದು. ಗಿಡಗಳು ಗ್ಲೂಕೋಸನ್ನು ಪಿಷ್ಟವಾಗಿ ಕಟ್ಟಿಡುತ್ತವೆ. ನಾವು ಉಣ್ಣುವ ರಾಗಿ, ಅಕ್ಕಿ, ಜೋಳವೆಲ್ಲ ಮರಿಗಿಡಕ್ಕೆಂದು ಇಟ್ಟ ಬುತ್ತಿ. ಪ್ರಾಣಿಗಳಲ್ಲಿ ಅದೇ ಗ್ಲೂಕೋಸ್ ಹೆಚ್ಚು ಕವಲೊಡೆದ ಗ್ಲೈಕೊಜನ್ ಆಗುತ್ತದೆ. ಕವಲು ಹೆಚ್ಚಿದಷ್ಟೂ ತುದಿಗಳು ಹೆಚ್ಚು, ತುದಿಗಳು ಹೆಚ್ಚಿದಷ್ಟೂ ಒಮ್ಮೆಲೇ ಬಿಡಿಸಿಕೊಳ್ಳುವ ವೇಗ ಹೆಚ್ಚು. ಮನುಷ್ಯರ ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಗ್ಲೈಕೊಜನ್ ಇರುತ್ತದೆ. ಯಕೃತ್ತಿನದು ಇಡೀ ದೇಹಕ್ಕೆ. ಸ್ನಾಯು ತನ್ನದನ್ನು ಬೇರೆ ಅಂಗಗಳಿಗೆ ಗ್ಲೂಕೋಸಾಗಿ ಕೊಡಲಾರದು. ಒಟ್ಟು ಕೂಡಿದರೆ ಸುಮಾರು 2000 ಕಿಲೊಕ್ಯಾಲರಿ, ಒಂದು ದಿನಕ್ಕೆ ಸಾಲುವಷ್ಟು.

ಕೊಬ್ಬಿನ ಲೆಕ್ಕವೇ ಬೇರೆ. ಗ್ರಾಂ ಗ್ಲೈಕೊಜನ್ ಸುಮಾರು 17 ಕಿಲೋಜೂಲ್ ಕೊಟ್ಟರೆ ಗ್ರಾಂ ಕೊಬ್ಬು 37 ಕೊಡುತ್ತದೆ. ಸಾಲದ್ದಕ್ಕೆ ಗ್ಲೈಕೊಜನ್ ತನ್ನ ತೂಕದ ಎರಡು ಮೂರು ಪಟ್ಟು ನೀರನ್ನೂ ಹಿಡಿದುಕೊಂಡಿರುತ್ತದೆ. ಕೊಬ್ಬು ನೀರನ್ನು ಹತ್ತಿರ ಸೇರಿಸುವುದಿಲ್ಲ. 15 ಕಿಲೋ ಕೊಬ್ಬಿನಲ್ಲಿರುವ ಶಕ್ತಿಯನ್ನೇ ಗ್ಲೈಕೊಜನ್ ರೂಪದಲ್ಲಿ ಹೊರಬೇಕಾದರೆ ನೀರೂ ಸೇರಿ ಸುಮಾರು 100 ಕಿಲೋ ಹೊರೆಯಾದೀತು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರಲು ಸಾಧ್ಯವಾಗುವುದು ಹೊರೆ ಕಡಿಮೆಯಾದ ಈ ಇಂಧನದಿಂದ.

ಕೊಬ್ಬಿಗೆ ಒಂದು ಮಿತಿಯೂ ಉಂಟು. ಕೊಬ್ಬಿನ ಆಮ್ಲಗಳಿಂದ ಗ್ಲೂಕೋಸ್ ಮಾಡಿಕೊಳ್ಳುವ ದಾರಿ ನಮ್ಮಲ್ಲಿಲ್ಲ. ಕಡಲೆಕಾಯಿ, ಹರಳು ಮೊದಲಾದ ಎಣ್ಣೆಬೀಜಗಳಲ್ಲಿ ಅದಿದೆ: ಗ್ಲೈಆಕ್ಸಿಲೇಟ್ ಚಕ್ರ ಎಂಬ ಅಡ್ಡದಾರಿಯಿಂದ ಮೊಳಕೆ ತನ್ನ ಎಣ್ಣೆಯನ್ನು ಸಕ್ಕರೆಯಾಗಿಸಿ ಬೇರು ಕಾಂಡಗಳನ್ನು ಕಟ್ಟುತ್ತದೆ. ದೀರ್ಘ ಉಪವಾಸದಲ್ಲಿ ಮನುಷ್ಯರ ಯಕೃತ್ತು ಕೊಬ್ಬನ್ನು ಕೀಟೋನ್ ಅಣುಗಳಾಗಿಸಿ ಮೆದುಳಿಗೆ ಕಳಿಸುತ್ತದೆ. ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟೇ ಇರುವ ಮೆದುಳು ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯಲ್ಲಿ ಐದನೆಯ ಒಂದು ಪಾಲನ್ನು ಬಳಸುವುದರಿಂದ ಈ ಬದಲಿ ಏರ್ಪಾಡು ಪ್ರಾಣ ಉಳಿಸುವಂಥದ್ದು.

ಯಾವ ದಾಸ್ತಾನು ಯಾವಾಗ ತೆರೆಯುತ್ತದೆ ಎಂಬುದು ಓಟದಲ್ಲಿ ಚೆನ್ನಾಗಿ ಕಾಣುತ್ತದೆ. ಸ್ನಾಯುವಿನಲ್ಲಿರುವ ಎಟಿಪಿ ಎರಡು ಮೂರು ಸೆಕೆಂಡುಗಳ ಪೂರ್ಣಬಲದ ಕೆಲಸಕ್ಕಷ್ಟೇ ಸಾಕು. ಫಾಸ್ಫೊಕ್ರಿಯಾಟಿನ್ ತನ್ನ ಫಾಸ್ಫೇಟನ್ನು ಎಡಿಪಿಗೆ ದಾಟಿಸಿ ಸುಮಾರು ಹತ್ತು ಸೆಕೆಂಡು ಎಟಿಪಿಯ ಮಟ್ಟವನ್ನು ಕಾಯುತ್ತದೆ. 100 ಮೀಟರ್ ಓಟದಲ್ಲಿ ದೊಡ್ಡ ಪಾಲು ಅದರ ಬಲ. ಅಷ್ಟರೊಳಗೆ ಗ್ಲೈಕಾಲಿಸಿಸ್ ವೇಗ ಹಿಡಿದಿರುತ್ತದೆ, ನಿಮಿಷಗಳು ಕಳೆದಂತೆ ಉಸಿರಾಟದ ಸರಣಿ ಹೊಣೆ ಹೊರುತ್ತದೆ. ಇದನ್ನೆಲ್ಲ ನಡೆಸುವುದು ಇನ್ಸುಲಿನ್, ಗ್ಲುಕಗಾನ್, ಅಡ್ರಿನಲಿನ್ ಹಾರ್ಮೋನುಗಳು. ಜೊತೆಗೆ ಕೋಶದೊಳಗಿನ ಎಟಿಪಿ–ಎಡಿಪಿ ಅನುಪಾತವೂ ಹೌದು. ಎಟಿಪಿ ಹೆಚ್ಚಿದರೆ ಸಕ್ಕರೆ ಒಡೆಯುವ ಕಿಣ್ವಗಳು ನಿಧಾನಿಸುತ್ತವೆ. ಸತ್ತ ಮೇಲೆ ದೇಹ ಸೆಟೆದುಕೊಳ್ಳುವುದಕ್ಕೂ ಕಾರಣ ಎಟಿಪಿ ಬರಿದಾಗುವುದು: ಸ್ನಾಯುವಿನ ಮಯೊಸಿನ್ ಎಳೆಗಳು ಹಿಡಿತ ಸಡಿಲಿಸಲು ಎಟಿಪಿ ಬೇಕು.

ಸೋರಿಕೆ, ವಿಷ, ಔಷಧ

ಪ್ರೋಟಾನುಗಳು ಸಿಂಥೇಸನ್ನು ತಪ್ಪಿಸಿ ಒಳಬಂದರೆ ಶಕ್ತಿ ಶಾಖವಾಗುತ್ತದೆ. ಎಳೆಗೂಸುಗಳ ಕಂದುಕೊಬ್ಬಿನಲ್ಲಿ ಇದು ಬೇಕೆಂದೇ ನಡೆಯುತ್ತದೆ. ಥರ್ಮೊಜೆನಿನ್ ಎಂಬ ಪ್ರೋಟೀನು ಪೊರೆಯಲ್ಲಿ ದಾರಿ ಬಿಟ್ಟು ಮೈ ಬೆಚ್ಚಗಿಡುತ್ತದೆ. ಡೈನೈಟ್ರೊಫೀನಾಲ್ ಎಂಬ ರಾಸಾಯನಿಕವೂ ಅದೇ ಸೋರಿಕೆಯನ್ನು ಮಾಡುತ್ತದೆ, ಆದರೆ ಕಡಿವಾಣವಿಲ್ಲದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಅದನ್ನು ಮಾರಿದರು. ಜ್ವರ ಏರಿ ಜನ ಸತ್ತರು, ಕಣ್ಣಿಗೆ ಪೊರೆ ಬಂದವರೂ ಇದ್ದರು. 1938ರಲ್ಲಿ ಅದನ್ನು ನಿಲ್ಲಿಸಲಾಯಿತು. ಅಂತರ್ಜಾಲದಲ್ಲಿ ಅದು ಈಗಲೂ ಕದ್ದುಮುಚ್ಚಿ ಮಾರಾಟವಾಗುತ್ತಿರುವುದು ಘೋರ. ಸಯನೈಡ್ ಉಸಿರಾಟದ ಸರಣಿಯ ಕೊನೆಯ ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ: ರಕ್ತದಲ್ಲಿ ಆಮ್ಲಜನಕವಿದ್ದರೂ ಕೋಶ ಅದನ್ನು ಬಳಸಲಾರದು. ಕಹಿ ಮರಗೆಣಸನ್ನು ನೆನೆಸಿ, ಬೇಯಿಸಿ, ನೀರು ಬಸಿದು ತಿನ್ನುವ ರೂಢಿಯ ಹಿಂದೆ ಇರುವುದು ಈ ವಿಷವನ್ನು ತೊಲಗಿಸುವ ಅನುಭವ.

ಮಿಂಚುಹುಳದ ಬೆಳಕಿಗೆ ಎಟಿಪಿ ಬೇಕೆಂದು ವಿಲಿಯಂ ಮೆಕ್‌ಎಲ್ರಾಯ್ 1947ರಲ್ಲಿ ತೋರಿಸಿದ್ದು ಇಂದು ಪರೀಕ್ಷೆಯ ಸಾಧನವಾಗಿದೆ. ಆಹಾರ ತಯಾರಿಕೆಯ ಮೇಜು, ಆಸ್ಪತ್ರೆಯ ಸಲಕರಣೆಗಳನ್ನು ಒರೆಸಿ ತೆಗೆದ ಹತ್ತಿಗೆ ಆ ಹುಳದ ಕಿಣ್ವ ಬೆರೆಸಿದರೆ, ಜೀವಕೋಶಗಳ ಎಟಿಪಿ ಉಳಿದಿದ್ದಷ್ಟೂ ಬೆಳಕು ಬರುತ್ತದೆ. ಇನ್ನೂ ಮಹತ್ವದ್ದು ಬೆಡಾಕ್ವಿಲಿನ್ ಎಂಬ ಔಷಧ. ಅದು ಕ್ಷಯದ ಬ್ಯಾಕ್ಟೀರಿಯದ ಎಟಿಪಿ ಸಿಂಥೇಸಿನ ಉಂಗುರಕ್ಕೆ ಅಂಟಿಕೊಂಡು ಅದನ್ನು ತಿರುಗದಂತೆ ತಡೆಯುತ್ತದೆ. ಮನುಷ್ಯರ ಸಿಂಥೇಸಿನ ರಚನೆ ಬೇರೆಯಾದ್ದರಿಂದ ಅದರ ಮೇಲೆ ಔಷಧದ ಹಿಡಿತ ಬಹಳ ಕಡಿಮೆ. ಬೆಳೆಯದೆ ಸುಮ್ಮನೆ ಅಡಗಿ ಕೂತ ಕ್ಷಯದ ಕೋಶಕ್ಕೂ ಎಟಿಪಿ ಬೇಕೇ ಬೇಕು, ಹಾಗಾಗಿ ಅಂಥವನ್ನೂ ಈ ಔಷಧ ತಟ್ಟುತ್ತದೆ. ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಪಡೆದ ಇದನ್ನು ಭಾರತದ ಕ್ಷಯ ನಿಯಂತ್ರಣ ಕಾರ್ಯಕ್ರಮ 2016ರಿಂದ ಔಷಧಗಳಿಗೆ ಬಗ್ಗದ ಕ್ಷಯಕ್ಕೆ ಬಳಸುತ್ತಿದೆ.